ಕಾಣದ ಪ್ರಾಣಿಗಳನ್ನು ಎಣಿಸುವುದು ಹೇಗೆ? ಬಸವನಹುಳುವಿನಿಂದ ಹುಲಿಯವರೆಗೆ

ತೋಟದಮನೆ
ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಮ್ಮ ಅಡಿಕೆ ತೋಟಕ್ಕೆ ಎರಡು ವರ್ಷದಿಂದ ಆಫ್ರಿಕನ್ ದೈತ್ಯ ಬಸವನಹುಳುವಿನ ಕಾಟ. ಮಳೆ ಹಿಡಿದ ಕೂಡಲೇ ಹೊರಗೆ ಬರುತ್ತವೆ. ಬಾಳೆಕಂದು, ವೀಳ್ಯದೆಲೆ ಬಳ್ಳಿ, ಹೊಸ ಅಡಿಕೆ ಸಸಿ, ಯಾವುದನ್ನೂ ಬಿಡುವುದಿಲ್ಲ. ರಾತ್ರಿ ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುತ್ತೇವೆ. ಎಷ್ಟು ಆರಿಸಿದರೂ ಮುಗಿಯುವುದಿಲ್ಲ. ಒಟ್ಟು ಎಷ್ಟಿವೆ ಅಂತ ಗೊತ್ತಿಲ್ಲದೆ ಕೆಲಸ ಮಾಡಿದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ ನೋಡಿ.

ಹಾಗಾಗಿ ಒಂದು ಪ್ರಯೋಗ ಮಾಡಿದೆ. ಮನೆಯ ಹಿಂದಿನ ಅರ್ಧ ಎಕರೆಯನ್ನು ಆರಿಸಿಕೊಂಡೆ. ರಾತ್ರಿ ಎಂಟಕ್ಕೆ ಟಾರ್ಚ್ ಹಿಡಿದು ಹೊರಟೆ. ಮಗಳ ಕೈಯಲ್ಲಿ ಗುಲಾಬಿ ನೇಲ್‌ಪಾಲಿಶ್. ಸಿಕ್ಕಿದ ಒಂದೊಂದರ ಚಿಪ್ಪನ್ನೂ ಬಟ್ಟೆಯಲ್ಲಿ ಒರೆಸಿ, ಒಂದು ಚುಕ್ಕೆ ಇಟ್ಟು, ಆರುವ ತನಕ ಊದಿ, ಸಿಕ್ಕಿದ ಜಾಗದಲ್ಲೇ ಬಿಟ್ಟೆವು. ಒಟ್ಟು 80 ಆಯಿತು. ಮೂರು ದಿನ ಬಿಟ್ಟು ಮತ್ತೆ ಹೋದೆವು. ಈ ಸಲ 72 ಸಿಕ್ಕವು. ಅದರಲ್ಲಿ ಚುಕ್ಕೆ ಇದ್ದವು 16.

ಈ ಮೂರು ಅಂಕಿಯಿಂದ ಒಟ್ಟು ಸಂಖ್ಯೆ ತೆಗೆಯಬಹುದು ಅಂತ ಕೇಳಿದ್ದೆ. ಹೇಗೆ ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?


ಲೆಕ್ಕದಮೇಷ್ಟ್ರು
ಭಾನುವಾರ, ರಾತ್ರಿ 10:25

ಇದು ನನಗೆ ತುಂಬಾ ಇಷ್ಟವಾದ ಲೆಕ್ಕ. ಪಾಠ ಮಾಡುವಾಗ ಡಬ್ಬಿಯಲ್ಲಿ ಅವರೆಕಾಳು ಹಾಕಿ ತೋರಿಸುತ್ತೇನೆ. ನೀವು ನಿಜವಾದ ಜೀವಿಯ ಮೇಲೆ ಮಾಡಿದ್ದೀರಿ, ಖುಷಿಯಾಯಿತು.

ಹೀಗೆ ಯೋಚಿಸಿ. ಎರಡನೇ ರಾತ್ರಿ ಸಿಕ್ಕ 72ರಲ್ಲಿ 16ಕ್ಕೆ ಚುಕ್ಕೆ ಇತ್ತು. ಅಂದರೆ ಒಂಬತ್ತರಲ್ಲಿ ಎರಡು ಪಾಲು. ನೀವು ಹಿಡಿದದ್ದು ಇಡೀ ತೋಟದ ಒಂದು ಮಾದರಿ ಅಂತಾದರೆ, ಇಡೀ ತೋಟದಲ್ಲೂ ಒಂಬತ್ತರಲ್ಲಿ ಎರಡು ಪಾಲಿಗೆ ಚುಕ್ಕೆ ಇರಬೇಕು. ಚುಕ್ಕೆ ಇಟ್ಟದ್ದು 80. ಹಾಗಾದರೆ ಒಟ್ಟು 360. ಸೂತ್ರ ಬೇಕಿದ್ದರೆ, 80 × 72 ÷ 16.

1890ರ ದಶಕದಲ್ಲಿ ಡೆನ್ಮಾರ್ಕಿನ ಪೀಟರ್ಸನ್ ಮೀನುಗಳಿಗೆ ಗುರುತು ಹಾಕಿ ಈ ದಾರಿ ತೋರಿಸಿದರು. 1930ರಲ್ಲಿ ಅಮೆರಿಕದ ಲಿಂಕನ್ ಬಾತುಕೋಳಿಗಳ ಕಾಲಿನ ಉಂಗುರ ಬಳಸಿ ಇದನ್ನೇ ಮಾಡಿದರು. ಅದಕ್ಕೇ ಇದನ್ನು ಲಿಂಕನ್-ಪೀಟರ್ಸನ್ ವಿಧಾನ ಅನ್ನುತ್ತಾರೆ. ಆಮೇಲೆ ಚಾಪ್ಮನ್ ಅನ್ನುವವರು ಸಣ್ಣ ತಿದ್ದುಪಡಿ ಮಾಡಿದರು. ಮೂರು ಅಂಕಿಗೂ ಒಂದೊಂದು ಕೂಡಿಸಿ ಲೆಕ್ಕ ಹಾಕಿ, ಕೊನೆಗೆ ಒಂದು ಕಳೆಯುವುದು. 81 × 73 ÷ 17, ಅದರಲ್ಲಿ ಒಂದು ಕಳೆದರೆ ಸುಮಾರು 347.

ಆದರೆ 347 ಅಂತ ಗೋಡೆಗೆ ಬರೆದಿಟ್ಟುಕೊಳ್ಳಬೇಡಿ. ಅದೃಷ್ಟದ ಏರುಪೇರು ಸೇರಿಸಿದರೆ, ನಿಮ್ಮ ಅಂಕಿಗಳು ಹೇಳುವುದು ಸುಮಾರು 220ರಿಂದ 470ರ ನಡುವೆ ಎಲ್ಲೋ ಇದೆ ಅಂತ. ಚುಕ್ಕೆಯ ಹುಳು ಜಾಸ್ತಿ ಸಿಕ್ಕಷ್ಟೂ ಈ ಅಂತರ ಕಿರಿದಾಗುತ್ತದೆ.

ಇನ್ನು ನಾಲ್ಕು ಪ್ರಶ್ನೆ ಕೇಳುತ್ತೇನೆ, ಉತ್ತರ ಹೇಳಿ. ಮಧ್ಯದ ಮೂರು ದಿನದಲ್ಲಿ ಹುಳು ಹೊರಗಿನಿಂದ ಬಂದವಾ, ಹೊರಗೆ ಹೋದವಾ? ಚುಕ್ಕೆ ಉದುರಿತಾ? ಚುಕ್ಕೆ ಇಟ್ಟವು ಉಳಿದವುಗಳ ಜೊತೆ ಬೆರೆತವಾ, ಇಲ್ಲಾ ನೀವು ಎರಡನೇ ಸಲವೂ ಅದೇ ದಾರಿಯಲ್ಲಿ ನಡೆದು ಅವನ್ನೇ ಹಿಡಿದಿರಾ? ಕೊನೆಯದು ಎಲ್ಲಕ್ಕಿಂತ ಮುಖ್ಯ. ಎಲ್ಲ ಹುಳುವೂ ಕಣ್ಣಿಗೆ ಬೀಳುವ ಸಾಧ್ಯತೆ ಒಂದೇನಾ?


ಹೊಳೆಸಾಲು
ಭಾನುವಾರ, ರಾತ್ರಿ 10:58

ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ನಮ್ಮದೂ ತೋಟವೇ, ಕಾಡಿನ ಅಂಚಿನಲ್ಲಿ. ಕಾಡಿನಲ್ಲಿ ಏನಿದೆ, ಎಷ್ಟಿದೆ ಅಂತ ಅಲ್ಲೇ ಹುಟ್ಟಿ ಬೆಳೆದವರಿಗೆ ಗೊತ್ತಿರುತ್ತದೆ. ನಮ್ಮ ಅಜ್ಜ ಹೆಜ್ಜೆ ನೋಡಿ ಹಂದಿ ಗಂಡೋ ಹೆಣ್ಣೋ ಹೇಳುತ್ತಿದ್ದರು. 220ರಿಂದ 470 ಅಂತ ಹೇಳುವುದಕ್ಕೆ ಲೆಕ್ಕ ಬೇಕಾ? ಅಷ್ಟು ಅಂದಾಜು ನಾವೂ ಹೇಳುತ್ತೇವೆ. ಇದರಿಂದ ಏನು ಲಾಭ ಅಂತ ನಿಜವಾಗಿಯೂ ತಿಳಿಯಬೇಕು, ಅದಕ್ಕೇ ಕೇಳುತ್ತಿದ್ದೇನೆ.


ಕಾಡುದಾರಿ
ಸೋಮವಾರ, ಬೆಳಿಗ್ಗೆ 6:15

ಹೊಳೆಸಾಲು ಅವರ ಪ್ರಶ್ನೆ ಸಣ್ಣದಲ್ಲ. ಹುಲಿ ಎಣಿಕೆಯ ಕಥೆ ಹೇಳಿದರೆ ಉತ್ತರ ಸಿಗಬಹುದು ಅನ್ನಿಸುತ್ತದೆ. ನಾಗರಹೊಳೆಯಲ್ಲಿ ಕೆಲವು ವರ್ಷ ಸ್ವಯಂಸೇವಕನಾಗಿ ನಡೆದವನು ನಾನು.

ಮೊದಲು ನಮ್ಮ ದೇಶದಲ್ಲಿ ಹುಲಿಯನ್ನು ಎಣಿಸುತ್ತಿದ್ದದ್ದು ಹೆಜ್ಜೆಗುರುತಿನಿಂದಲೇ. ಹೆಜ್ಜೆಯ ಮೇಲೆ ಗಾಜು ಇಟ್ಟು, ಅಂಚು ಬರೆದುಕೊಂಡು, ಒಂದೊಂದು ಹೆಜ್ಜೆಗೂ ಒಂದೊಂದು ಹುಲಿ ಅಂತ ಲೆಕ್ಕ ಹಾಕುತ್ತಿದ್ದರು. ಒಂದೇ ಹುಲಿ ಕೆಸರಿನಲ್ಲಿ ಇಟ್ಟ ಹೆಜ್ಜೆ ಬೇರೆ, ಧೂಳಿನಲ್ಲಿ ಇಟ್ಟದ್ದು ಬೇರೆ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಎಲ್ಲ ಹುಲಿಯ ಹೆಜ್ಜೆಯೂ ಸಿಕ್ಕಿಬಿಟ್ಟಿದೆ ಅಂತ ನಂಬಿಕೊಳ್ಳುತ್ತಿದ್ದರು. ರಾಜಸ್ಥಾನದ ಸರಿಸ್ಕಾದಲ್ಲಿ ಏನಾಯಿತು ಗೊತ್ತಲ್ಲ. ಕಾಗದದಲ್ಲಿ ಹುಲಿಗಳಿದ್ದವು. 2005ರ ಹೊತ್ತಿಗೆ ಹುಡುಕಿ ನೋಡಿದರೆ ಕಾಡಿನಲ್ಲಿ ಒಂದೂ ಇರಲಿಲ್ಲ. ಕಳ್ಳಬೇಟೆಗೆ ಎಲ್ಲವೂ ಹೋಗಿದ್ದವು, ಎಣಿಕೆಗೆ ಅದು ತಿಳಿಯಲೇ ಇಲ್ಲ.

ನಾಗರಹೊಳೆಯಲ್ಲಿ ಹುಲಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದ ಮೊದಲಲ್ಲೇ ಬೇರೆ ದಾರಿ ಹಿಡಿದರು. ಅದು ತೋಟದಮನೆಯವರು ಮಾಡಿದ ಅದೇ ಲೆಕ್ಕ. ಹುಲಿಗೆ ನೇಲ್‌ಪಾಲಿಶ್ ಬೇಕಿಲ್ಲ, ಮೈಮೇಲಿನ ಪಟ್ಟೆಯೇ ಗುರುತು. ಒಂದರ ಪಟ್ಟೆ ಇನ್ನೊಂದಕ್ಕೆ ಇರುವುದಿಲ್ಲ. ಎಡಮೈ ಪಟ್ಟೆ ಬಲಮೈಗೂ ಇರುವುದಿಲ್ಲ. ಅದಕ್ಕೇ ಕಾಡುದಾರಿಯ ಎರಡೂ ಬದಿಗೆ ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟುತ್ತೇವೆ, ಹೆಚ್ಚು ಕಡಿಮೆ ಮೊಣಕಾಲಿನ ಎತ್ತರಕ್ಕೆ. ಕಟ್ಟಿದ ಮೇಲೆ ಒಬ್ಬರು ಬಗ್ಗಿ, ಕೈ ಕಾಲು ಊರಿ, ಹುಲಿಯ ಹಾಗೆ ನಡೆದು ಪರೀಕ್ಷೆ ಮಾಡಬೇಕು. ಎರಡೂ ಫ್ಲಾಶ್ ಹೊಡೆದರೆ ಸರಿ. ಮೊದಲ ಫೋಟೊ ಅಂದರೆ ಚುಕ್ಕೆ ಇಟ್ಟಂತೆ. ಎರಡನೇ ಸಲ ಬಂದರೆ ಚುಕ್ಕೆಯ ಹುಳು ಮತ್ತೆ ಸಿಕ್ಕಂತೆ.

1998ರಲ್ಲಿ ಕಾರಂತರು ಮತ್ತು ಅಮೆರಿಕದ ಜೇಮ್ಸ್ ನಿಕೋಲ್ಸ್ ನಾಲ್ಕು ಕಾಡುಗಳ ಲೆಕ್ಕ ಪ್ರಕಟಿಸಿದರು. ನೂರು ಚದರ ಕಿಲೋಮೀಟರಿಗೆ ನಾಗರಹೊಳೆಯಲ್ಲಿ ಸುಮಾರು 11.5 ಹುಲಿ, ಕಾನ್ಹಾದಲ್ಲಿ 11.7, ಕಾಜಿರಂಗದಲ್ಲಿ 16.8, ಪೆಂಚ್‌ನಲ್ಲಿ 4.1. ಪ್ರತಿ ಅಂಕಿಯ ಪಕ್ಕದಲ್ಲೂ ಎಷ್ಟು ಆಚೀಚೆ ಇರಬಹುದು ಅನ್ನುವುದನ್ನೂ ಬರೆದಿದ್ದರು. ಹೊಳೆಸಾಲು ಅವರೇ, ಲಾಭ ಅಂದರೆ ಅದೇ. ನಮ್ಮ ಅಂದಾಜು ತಪ್ಪಿದರೆ ಎಷ್ಟು ತಪ್ಪಿದೆ ಅಂತ ನಮಗೆ ಗೊತ್ತಾಗುವುದಿಲ್ಲ. ಈ ಲೆಕ್ಕಕ್ಕೆ ತನ್ನ ತಪ್ಪಿನ ಅಳತೆ ಗೊತ್ತಿರುತ್ತದೆ.

ಅಜ್ಜನ ತಿಳಿವಳಿಕೆ ಬೇಡ ಅಂತ ಖಂಡಿತ ಹೇಳುತ್ತಿಲ್ಲ. ಕ್ಯಾಮೆರಾ ಯಾವ ತಿರುವಿನಲ್ಲಿ ಕಟ್ಟಬೇಕು ಅಂತ ನಮಗೆ ತೋರಿಸಿದ್ದು ಜೊತೆಯಲ್ಲಿದ್ದ ಜೇನುಕುರುಬ ಹಿರಿಯರು. ಹುಲಿ ಮೂತ್ರ ಸಿಂಪಡಿಸಿದ ಮರ, ನೆಲ ಕೆರೆದ ಗುರುತು, ಎರಡು ದಾರಿ ಕೂಡುವ ಜಾಗ, ಎಲ್ಲ ಅವರ ಕಣ್ಣಿಗೆ ಮೊದಲು ಬೀಳುತ್ತಿತ್ತು. ಅವರಿಲ್ಲದೆ ಹೋಗಿದ್ದರೆ ನಮಗೆ ಖಾಲಿ ರೀಲು ಮಾತ್ರ ಸಿಗುತ್ತಿತ್ತು.


ಪತಂಗ
ಸೋಮವಾರ, ಮಧ್ಯಾಹ್ನ 1:10

ಕಾಡುದಾರಿ, ಒಂದು ಸಂದೇಹ. ಈಗ ಎಲ್ಲ ಕಡೆ ಕ್ಯಾಮೆರಾ ಇದೆ. ಸುಮ್ನೆ ಫೋಟೊದಲ್ಲಿ ಬಂದ ಹುಲಿಗಳನ್ನು ಎಣಿಸಿಬಿಟ್ಟರೆ ಆಗಲ್ವಾ?


ಕಾಡುದಾರಿ
ಸೋಮವಾರ, ಮಧ್ಯಾಹ್ನ 1:45

ಆಗಲ್ಲ. ಯಾಕೆ ಅಂತ ದೇಶದ ಅಂಕಿಯಿಂದಲೇ ಹೇಳುತ್ತೇನೆ. 2018ರ ಎಣಿಕೆಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟಿದ್ದರು. ಸುಮಾರು ಮೂರೂವರೆ ಕೋಟಿ ಫೋಟೊ ಬಂದವು. ಅದರಲ್ಲಿ ಹುಲಿಯ ಫೋಟೊ 76,651. ಪಟ್ಟೆ ಹೋಲಿಸಿ ನೋಡಿದಾಗ ಬೇರೆ ಬೇರೆ ಹುಲಿ 2461. ಆದರೆ ಒಟ್ಟು ಅಂದಾಜು 2967. ಅಂದರೆ 506 ಹುಲಿ ಯಾವ ಕ್ಯಾಮೆರಾಕ್ಕೂ ಬಿದ್ದಿಲ್ಲ. ಲೆಕ್ಕದ ಕೆಲಸ ಇರುವುದು ಆ 506ರಲ್ಲಿ. ಒಂದು ಸಲ ಸಿಕ್ಕವು ಎಷ್ಟು, ಮತ್ತೆ ಮತ್ತೆ ಸಿಕ್ಕವು ಎಷ್ಟು, ಕಾಡು ಎಂಥದ್ದು, ಬೇಟೆ ಪ್ರಾಣಿ ಎಷ್ಟಿವೆ, ಇದನ್ನೆಲ್ಲ ನೋಡಿ ಸಿಗದವುಗಳ ಸಂಖ್ಯೆ ತೆಗೆಯಬೇಕು. ಕ್ಯಾಮೆರಾ ಇಡದ ಕಾಡಿಗೆ ಈ ಲೆಕ್ಕವನ್ನು ಹೇಗೆ ವಿಸ್ತರಿಸಬೇಕು ಅನ್ನುವ ವಿಷಯದಲ್ಲಿ ವಿಜ್ಞಾನಿಗಳ ನಡುವೆ ಜೋರು ವಾದವೇ ನಡೆದಿದೆ. ನಡೆಯಲೂಬೇಕು.

2022ರ ಎಣಿಕೆಯಲ್ಲೂ ಸರಾಸರಿ 3682 ಅಂತ ಬಂತು, ಮೇಲಿನ ಮಿತಿ 3925. ಕರ್ನಾಟಕದ ಅಂಕಿ 563. ಪತ್ರಿಕೆಯ ತಲೆಬರಹದಲ್ಲಿ ಒಂದೇ ಸಂಖ್ಯೆ ಬರುತ್ತದೆ, ಮಿತಿಗಳು ಬರುವುದೇ ಇಲ್ಲ. ನನಗೆ ಇದು ನಿಜಕ್ಕೂ ಬೇಸರದ ವಿಷಯ. ಸರಾಸರಿಯಷ್ಟೇ ಮುಖ್ಯ ಅದರ ಅಂತರ.

ಕಬಿನಿ ಸಫಾರಿಗೆ ಹೋದವರನ್ನು ಕೇಳಿ ನೋಡಿ. ಒಂದೇ ಧೈರ್ಯದ ಹುಲಿ ನೂರು ಜೀಪಿಗೆ ದರ್ಶನ ಕೊಟ್ಟಿರುತ್ತದೆ. ಅದರ ಪಕ್ಕದಲ್ಲೇ ಇರುವ ನಾಚಿಕೆಯ ಹೆಣ್ಣುಹುಲಿ ಒಂದು ಜೀಪಿಗೂ ಕಾಣುವುದಿಲ್ಲ. ಪ್ರಾಣಿಯ ಸ್ವಭಾವವೂ ಲೆಕ್ಕದೊಳಗೆ ಬರಬೇಕು. ಬೋನಿನ ರುಚಿ ಹತ್ತಿ ಮತ್ತೆ ಮತ್ತೆ ಬರುವ ಇಲಿ, ಒಂದು ಸಲ ಸಿಕ್ಕಿ ಹೆದರಿ ಆ ಕಡೆ ತಲೆ ಹಾಕದ ಇಲಿ, ಇವೆರಡಕ್ಕೂ ಬೇರೆ ಬೇರೆ ಲೆಕ್ಕದ ಮಾದರಿಗಳಿವೆ.


ತೋಟದಮನೆ
ಸೋಮವಾರ, ರಾತ್ರಿ 8:30

ಮೇಷ್ಟ್ರೇ, ನಿಮ್ಮ ನಾಲ್ಕು ಪ್ರಶ್ನೆಗೆ ಉತ್ತರ. ಚುಕ್ಕೆ ಉದುರಿಲ್ಲ, ಮನೆಯಲ್ಲಿ ತೊಟ್ಟಿಯಲ್ಲಿ ಇಟ್ಟಿದ್ದ ಐದು ಹುಳುಗಳ ಚುಕ್ಕೆ ಹಾಗೇ ಇದೆ. ಒಂದು ಬದಿ ಕಲ್ಲಿನ ಅಗಳ, ಇನ್ನೊಂದು ಬದಿ ರಸ್ತೆ, ಹಿಂದೆ ಬದು. ಬದುವಿನ ಕಡೆಯಿಂದ ಬರಬಹುದು. ದಾರಿ ಮಾತ್ರ ಎರಡೂ ಸಲ ಒಂದೇ, ಕಾಲುವೆಯ ಪಕ್ಕ. ಅದು ನನ್ನ ತಪ್ಪು.

ನಾಲ್ಕನೆಯದು ಕೇಳಿದ ಮೇಲೆ ತಲೆಯಲ್ಲಿ ಅದೇ ಓಡುತ್ತಿದೆ. ದೊಡ್ಡವು ಅಡಿಕೆ ಮರದ ಬುಡದಲ್ಲಿ, ಕಾಲುವೆ ಅಂಚಿನಲ್ಲಿ ಎದ್ದು ಕಾಣುತ್ತವೆ. ಚಿಕ್ಕವು ಸೋಗೆ ಕೆಳಗೆ, ದರಗಿನೊಳಗೆ. ಚಿಕ್ಕವು ನಮಗೆ ಕಡಿಮೆ ಸಿಕ್ಕಿರಬೇಕು ಅಲ್ವಾ?


ಲೆಕ್ಕದಮೇಷ್ಟ್ರು
ಸೋಮವಾರ, ರಾತ್ರಿ 9:05

ಹೌದು. ಅದರ ಪರಿಣಾಮವೂ ಒಂದೇ ದಿಕ್ಕಿಗೆ ಇರುತ್ತದೆ. ಸುಲಭವಾಗಿ ಕಾಣುವವು ಮೊದಲ ಸಲವೂ ಸಿಗುತ್ತವೆ, ಎರಡನೇ ಸಲವೂ ಸಿಗುತ್ತವೆ. ಹಾಗಾಗಿ ಚುಕ್ಕೆಯವು ಇರಬೇಕಾದ್ದಕ್ಕಿಂತ ಜಾಸ್ತಿ ಬಂದಂತೆ ಕಾಣುತ್ತದೆ. ಭಾಗಿಸುವ ಅಂಕಿ ದೊಡ್ಡದಾದರೆ ಉತ್ತರ ಚಿಕ್ಕದಾಗುತ್ತದೆ. ನಿಮ್ಮ 347 ನಿಜಕ್ಕಿಂತ ಕಡಿಮೆ ಇರುವ ಸಾಧ್ಯತೆ ಹೆಚ್ಚು.

ಮತ್ತೆ ಮಾಡುವುದಾದರೆ ದೊಡ್ಡದಕ್ಕೆ ಒಂದು ಬಣ್ಣ, ಚಿಕ್ಕದಕ್ಕೆ ಒಂದು ಬಣ್ಣ. ಲೆಕ್ಕವನ್ನೂ ಬೇರೆ ಬೇರೆ ಮಾಡಿ, ಆಮೇಲೆ ಕೂಡಿಸಿ. ಹಳೆಯ ಗುಲಾಬಿ ಚುಕ್ಕೆಯನ್ನು ಈ ಸಲ ಲೆಕ್ಕಕ್ಕೆ ತರಬೇಡಿ. ಮತ್ತೆ, ದಯವಿಟ್ಟು ಕೈಗೆ ಗ್ಲೌಸ್ ಹಾಕಿ, ಮಗಳಿಗೂ ಹಾಕಿಸಿ. ಈ ಹುಳು ಮನುಷ್ಯರಿಗೆ ತಗುಲುವ ಪರೋಪಜೀವಿಯನ್ನು ಹೊತ್ತಿರಬಹುದು.


ಹೊಳೆಸಾಲು
ಸೋಮವಾರ, ರಾತ್ರಿ 9:50

ಕಾಡುದಾರಿಯವರೇ, ನಿಧಾನವಾಗಿ ಎರಡು ಸಲ ಓದಿದೆ. ಸರಿಸ್ಕಾದ ವಿಷಯ ಮನಸ್ಸಿಗೆ ನಾಟಿತು. ಹುಲಿಗೆ ಪಟ್ಟೆ ಇದೆ, ಆಯಿತು. ಕಡವೆಗೆ, ಕಾಟಿಗೆ, ಕಾಡುಹಂದಿಗೆ ಏನು ಮಾಡುತ್ತೀರಿ? ಒಂದು ಕಡವೆ ಇನ್ನೊಂದರ ಹಾಗೇ ಇರುತ್ತದೆ.


ಕಾಡುದಾರಿ
ಸೋಮವಾರ, ರಾತ್ರಿ 10:30

ಅದಕ್ಕೆ ನಡೆಯಬೇಕು. ಕಾಡಿನಲ್ಲಿ ಎರಡು ಮೂರು ಕಿಲೋಮೀಟರಿನ ನೇರ ಗೆರೆ ಮಾಡಿರುತ್ತಾರೆ. ಬೆಳಕು ಹರಿಯುತ್ತಿದ್ದಂತೆ ಇಬ್ಬರು ಸದ್ದಿಲ್ಲದೆ ಹೊರಡುತ್ತೇವೆ. ಒಣಗಿದ ತೇಗದ ಎಲೆ ತುಳಿಯದ ಹಾಗೆ ಕಾಲಿಡುವುದೇ ಒಂದು ಸಾಧನೆ. ಕಡವೆ ಕಂಡರೆ ನಿಲ್ಲಬೇಕು. ಎಷ್ಟು ಇವೆ ಅಂತ ಎಣಿಸಿ, ದೂರ ಅಳೆಯುವ ಯಂತ್ರದಲ್ಲಿ ದೂರ ನೋಡಿ, ದಿಕ್ಸೂಚಿಯಲ್ಲಿ ಕೋನ ಓದಬೇಕು. ಕಡವೆ 40 ಮೀಟರ್ ದೂರದಲ್ಲಿದೆ, ಗೆರೆಯಿಂದ 30 ಡಿಗ್ರಿ ಕೋನದಲ್ಲಿದೆ ಅನ್ನಿ. ಸೈನ್ 30 ಅಂದರೆ ಅರ್ಧ. ಹಾಗಾಗಿ ಅದು ಗೆರೆಯಿಂದ 20 ಮೀಟರ್ ಆಚೆ ಇದೆ. ಹೈಸ್ಕೂಲಿನ ತ್ರಿಕೋನಮಿತಿ ಕಾಡಿನ ನಡುವೆ ಕೈಹಿಡಿಯುತ್ತದೆ.

ಹೀಗೆ ನೂರಾರು ದೂರಗಳು ಸೇರಿದ ಮೇಲೆ ಒಂದು ಚಿತ್ರ ಮೂಡುತ್ತದೆ. ಗೆರೆಯ ಹತ್ತಿರ ಜಾಸ್ತಿ ಕಂಡಿರುತ್ತವೆ, ದೂರ ಹೋದಂತೆ ಕಡಿಮೆ. ಪ್ರಾಣಿಗೆ ನಮ್ಮ ಗೆರೆ ಎಲ್ಲಿದೆ ಅಂತ ಗೊತ್ತಿಲ್ಲ. ಹಾಗಾಗಿ ನಿಜವಾಗಿ ಅವು ಗೆರೆಯ ಹತ್ತಿರವೂ ದೂರವೂ ಒಂದೇ ಹದದಲ್ಲಿ ಹರಡಿರುತ್ತವೆ. ಕಡಿಮೆ ಕಂಡಿದ್ದರೆ ಅದು ನಮ್ಮ ಕಣ್ಣಿನ ಮಿತಿ. ಆ ಇಳಿಕೆಯ ಆಕಾರದಿಂದ ನಾವು ಎಷ್ಟು ಪ್ರಾಣಿಗಳನ್ನು ತಪ್ಪಿಸಿಕೊಂಡೆವು ಅಂತ ಲೆಕ್ಕ ಬರುತ್ತದೆ. ಗೆರೆಯ ಮೇಲೇ ಇದ್ದ ಪ್ರಾಣಿ ಮಾತ್ರ ತಪ್ಪಬಾರದು, ನಾವು ಕಾಣುವ ಮೊದಲೇ ಅದು ಹೆದರಿ ಓಡಬಾರದು. ಎಲೆ ತುಳಿಯಬಾರದು ಅಂದದ್ದು ಅದಕ್ಕೇ.

ಈ ಎರಡು ಲೆಕ್ಕ ಸೇರಿದಾಗ ಏನು ಸಿಗುತ್ತದೆ ನೋಡಿ. ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಗೊರಸಿನ ಪ್ರಾಣಿ ಬೇಕು. ಕಾಡಿನಲ್ಲಿರುವ ಬೇಟೆ ಪ್ರಾಣಿಗಳಲ್ಲಿ ವರ್ಷಕ್ಕೆ ಹತ್ತರಲ್ಲಿ ಒಂದು ಪಾಲನ್ನು ಹುಲಿಗಳು ತಿನ್ನುತ್ತವೆ ಅಂತಿಟ್ಟರೆ, ಒಂದು ಹುಲಿ ಉಳಿಯಲು ಸುಮಾರು 500 ಬೇಟೆ ಪ್ರಾಣಿ ಇರಬೇಕು. 2004ರಲ್ಲಿ ಹಲವು ಕಾಡುಗಳ ಅಂಕಿ ಇಟ್ಟು ನೋಡಿದಾಗ ಈ ಸಂಬಂಧ ಚೆನ್ನಾಗಿಯೇ ಹೊಂದಿತು. ಹುಲಿ ಉಳಿಸಬೇಕಾದರೆ ಜಿಂಕೆಯ ಕಳ್ಳಬೇಟೆ ನಿಲ್ಲಿಸಿ ಅನ್ನುವ ಮಾತಿಗೆ ಹೀಗೆ ಒಂದು ಸಂಖ್ಯೆಯ ಬಲ ಬಂತು.

ಇನ್ನೊಂದು. ನಾಗರಹೊಳೆಯಲ್ಲಿ 1991ರಿಂದ 2000ದವರೆಗೆ 74 ಹುಲಿಗಳನ್ನು ಪಟ್ಟೆಯಿಂದ ಗುರುತಿಸಿ ಬೆನ್ನು ಹತ್ತಿದರು. ಈ ವರ್ಷ ಇದ್ದ ಹುಲಿ ಮುಂದಿನ ವರ್ಷವೂ ಅಲ್ಲೇ ಇರುವ ಸಾಧ್ಯತೆ ಸುಮಾರು 77 ಪರ್ಸೆಂಟ್. ಅಂದರೆ ಚೆನ್ನಾಗಿ ಕಾಯ್ದ ಕಾಡಿನಲ್ಲೂ ವರ್ಷಕ್ಕೆ ನಾಲ್ಕರಲ್ಲಿ ಒಂದರ ಹತ್ತಿರ ಹುಲಿಗಳು ಸಾಯುತ್ತವೆ ಅಥವಾ ಬಿಟ್ಟು ಹೋಗುತ್ತವೆ. ಹಾಗಿದ್ದೂ ಒಟ್ಟು ಸಂಖ್ಯೆ ಕುಸಿಯಲಿಲ್ಲ, ಮರಿಗಳು ಆ ಜಾಗ ತುಂಬಿದವು. ಒಂದು ಹುಲಿ ಸತ್ತ ಸುದ್ದಿ ಬಂದಾಗ ನನಗೂ ಸಂಕಟ ಆಗುತ್ತದೆ. ಆದರೆ ಕಾಡಿನ ಆರೋಗ್ಯ ಆ ಒಂದು ಸಾವಿನಿಂದ ತಿಳಿಯುವುದಿಲ್ಲ ಅಂತ ಈ ಅಂಕಿ ನೋಡಿದ ಮೇಲೆ ಅರ್ಥವಾಯಿತು.


ಕೆಂಪುಟಾರ್ಚ್
ಮಂಗಳವಾರ, ಬೆಳಿಗ್ಗೆ 7:20

ನಾನು ತುಮಕೂರಿನ ಕಡೆಯವನು. ಊರಿನ ಸುತ್ತ ಕಾಡುಪಾಪ (ರಾತ್ರಿ ಓಡಾಡುವ ಸಣ್ಣ ಪ್ರಾಣಿ, ಸ್ಲೆಂಡರ್ ಲೋರಿಸ್) ಎಲ್ಲೆಲ್ಲಿ ಇದೆ ಅಂತ ಪಟ್ಟಿ ಮಾಡುತ್ತಿದ್ದೇನೆ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಕಟ್ಟಿ ಬೇಲಿಸಾಲು ನೋಡುತ್ತಾ ಹೋಗುವುದು. ಇದ್ದರೆ ಎರಡು ಕೆಂಡದಂಥ ಕಣ್ಣು ಹೊಳೆಯುತ್ತವೆ, ನಿಧಾನಕ್ಕೆ ತಿರುಗುತ್ತವೆ. ಒಂದು ಹುಣಸೆ ತೋಪಿಗೆ ನಾಲ್ಕು ರಾತ್ರಿ ಹೋದೆ. ಕಾಣಲಿಲ್ಲ. ಪಟ್ಟಿಯಲ್ಲಿ ಇಲ್ಲ ಅಂತ ಬರೆಯಬಹುದಾ?


ಲೆಕ್ಕದಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 8:00

ಇನ್ನೂ ಬರೆಯಬೇಡಿ. ಕಾಡುಪಾಪ ಇದೆ ಅಂತ ಖಚಿತವಾಗಿ ಗೊತ್ತಿರುವ ತೋಪಿನಲ್ಲಿ ನಿಮಗೆ ಎಷ್ಟು ರಾತ್ರಿಗೆ ಒಂದು ಸಲ ಕಾಣುತ್ತದೆ?


ಕೆಂಪುಟಾರ್ಚ್
ಮಂಗಳವಾರ, ಬೆಳಿಗ್ಗೆ 8:12

ಹತ್ತು ರಾತ್ರಿಯಲ್ಲಿ ಮೂರು ರಾತ್ರಿ ಅಂದುಕೊಳ್ಳಿ.


ಲೆಕ್ಕದಮೇಷ್ಟ್ರು
ಮಂಗಳವಾರ, ಬೆಳಿಗ್ಗೆ 8:40

ಹಾಗಾದರೆ ಇದ್ದೂ ಒಂದು ರಾತ್ರಿ ಕಾಣದೇ ಹೋಗುವ ಸಾಧ್ಯತೆ 0.7. ನಾಲ್ಕೂ ರಾತ್ರಿ ಕಾಣದಿರುವುದು 0.7ನ್ನು ನಾಲ್ಕು ಸಲ ಗುಣಿಸಿದಷ್ಟು, ಸುಮಾರು 0.24. ಅಂದರೆ ಕಾಡುಪಾಪ ಇರುವ ಇಂಥ ನಾಲ್ಕು ತೋಪು ತೆಗೆದುಕೊಂಡರೆ, ಒಂದರಲ್ಲಿ ನೀವು ಬರಿಗೈಯಲ್ಲಿ ಬರುತ್ತೀರಿ. ಎಂಟು ರಾತ್ರಿ ಹೋದರೆ ಅದು 0.06ಕ್ಕೆ ಇಳಿಯುತ್ತದೆ. ಆಗ ಸ್ವಲ್ಪ ಧೈರ್ಯವಾಗಿ ಬರೆಯಬಹುದು.

2002ರಲ್ಲಿ ಮೆಕೆಂಜಿ ಮತ್ತು ಜೊತೆಯವರು ಇದನ್ನು ಪೂರ್ತಿ ಮಾದರಿಯಾಗಿ ಕಟ್ಟಿದರು. ಒಂದೊಂದು ಜಾಗಕ್ಕೂ ಹಲವು ಸಲ ಹೋಗಿ, ಕಂಡರೆ 1, ಕಾಣದಿದ್ದರೆ 0 ಅಂತ ಬರೆಯುವುದು. ಆ 1 ಮತ್ತು 0ಗಳ ಸಾಲಿನಿಂದ ಪ್ರಾಣಿ ಇರುವ ಸಾಧ್ಯತೆ, ಇದ್ದರೆ ಕಾಣುವ ಸಾಧ್ಯತೆ, ಎರಡೂ ಬೇರೆ ಬೇರೆಯಾಗಿ ಬರುತ್ತವೆ. ಹಾಗಾಗಿ ಕಾಣದ ರಾತ್ರಿಯನ್ನೂ ತಪ್ಪದೆ ಬರೆದಿಡಿ. ನಮ್ಮಲ್ಲಿ ಬಹಳ ಜನ ಕಂಡದ್ದನ್ನು ಮಾತ್ರ ಬರೆಯುತ್ತಾರೆ. ಸೊನ್ನೆ ಇಲ್ಲದಿದ್ದರೆ ಈ ಲೆಕ್ಕವೇ ಇಲ್ಲ.


ಪತಂಗ
ಮಂಗಳವಾರ, ಮಧ್ಯಾಹ್ನ 12:30

ಗಿಡಗಳ ವಿಷಯದಲ್ಲಿ ಈ ತಲೆನೋವು ಇರುವುದಿಲ್ಲ ಅಲ್ವಾ? ಅವು ಎಲ್ಲಿಗೂ ಓಡಿಹೋಗಲ್ಲ.


ಕಾಡುದಾರಿ
ಮಂಗಳವಾರ, ಮಧ್ಯಾಹ್ನ 12:55

ಇರುತ್ತದೆ! ನೆಲದಲ್ಲಿ ಬೆಳೆಯುವ ಆರ್ಕಿಡ್‌ಗಳನ್ನು ನೋಡಿ. ಮಳೆಗಾಲದಲ್ಲಿ ಗೆಡ್ಡೆಯಿಂದ ಚಿಗುರುತ್ತವೆ, ಆಮೇಲೆ ಮೇಲಿನ ಭಾಗ ಒಣಗಿ ಹೋಗುತ್ತದೆ. ಕೆಲವು ಜಾತಿಗಳಲ್ಲಿ ಕೆಲವು ಗಿಡ ಇಡೀ ವರ್ಷ ಮೇಲೆ ಬರುವುದೇ ಇಲ್ಲ, ನೆಲದೊಳಗೇ ಜೀವ ಹಿಡಿದಿರುತ್ತವೆ. ಒಂದು ವರ್ಷ ಕಾಣಲಿಲ್ಲ ಅಂತ ಸತ್ತಿದೆ ಎಂದು ಬರೆದರೆ ತಪ್ಪು. ಅದಕ್ಕೇ ಒಂದೊಂದು ಗಿಡದ ಪಕ್ಕವೂ ನಂಬರಿನ ಗೂಟ ನೆಟ್ಟು, ವರ್ಷ ವರ್ಷ ನೋಡಿ, ಹುಲಿಗೆ ಮಾಡುವ ಅದೇ ಲೆಕ್ಕವನ್ನು ಆರ್ಕಿಡ್‌ಗೂ ಮಾಡಿದ್ದಾರೆ.


ಮಲ್ಲಿಗೆನಾಡು
ಮಂಗಳವಾರ, ರಾತ್ರಿ 8:15

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ. ನಾನು ಹೂವಿನ ಹಡಗಲಿಯವಳು. ಈ ಚರ್ಚೆಯಲ್ಲಿ ನಮ್ಮ ಊರಿನ ಒಬ್ಬರನ್ನು ನೆನೆಯದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಸಂಖ್ಯಾಶಾಸ್ತ್ರದ ಸಿ. ಆರ್. ರಾವ್ ಹುಟ್ಟಿದ್ದು ಇಲ್ಲೇ, 1920ರಲ್ಲಿ. ಮನೆಮಾತು ತೆಲುಗು. 2023ರಲ್ಲಿ ತೀರಿಕೊಂಡಾಗ ಅವರಿಗೆ 102 ವರ್ಷ. ಕೇಂಬ್ರಿಜ್‌ನಲ್ಲಿ ರೊನಾಲ್ಡ್ ಫಿಶರ್ ಅವರ ಶಿಷ್ಯ.

ಜೀವವೈವಿಧ್ಯವನ್ನು ಅಳೆಯಲು ಅವರು 1982ರಲ್ಲಿ ಕೊಟ್ಟ ಒಂದು ಅಳತೆ ಇವತ್ತಿಗೂ ಪರಿಸರ ವಿಜ್ಞಾನಿಗಳ ಕೈಯಲ್ಲಿದೆ. ಎರಡು ಕೆರೆ ಇವೆ ಅನ್ನಿ. ಎರಡರಲ್ಲೂ ಐದೈದು ಜಾತಿಯ ಹಕ್ಕಿ. ಒಂದರಲ್ಲಿ ಐದೂ ಬೇರೆ ಬೇರೆ ಬೆಳ್ಳಕ್ಕಿ, ಬಕಗಳೇ. ಇನ್ನೊಂದರಲ್ಲಿ ಬೆಳ್ಳಕ್ಕಿ, ಮಿಂಚುಳ್ಳಿ, ಬಾತು, ನೀರುಕಾಗೆ, ಗದ್ದೆಗೊರವ. ಜಾತಿ ಎಣಿಸಿದರೆ ಎರಡೂ ಸಮ. ಆದರೆ ಎರಡನೆಯದು ಹೆಚ್ಚು ವೈವಿಧ್ಯದ್ದು ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ರಾವ್ ಅವರ ಅಳತೆ ಹೀಗೆ: ಕೆರೆಯಿಂದ ಕಣ್ಣು ಮುಚ್ಚಿ ಎರಡು ಹಕ್ಕಿ ಎತ್ತಿಕೊಳ್ಳಿ, ಅವೆರಡರ ನಡುವೆ ಸರಾಸರಿ ಎಷ್ಟು ವ್ಯತ್ಯಾಸ ಇರುತ್ತದೆ ಅಂತ ನೋಡಿ. ಕೊಕ್ಕಿನ ಉದ್ದ, ಆಹಾರ, ವಂಶದ ದೂರ, ಯಾವುದನ್ನು ಬೇಕಾದರೂ ವ್ಯತ್ಯಾಸ ಅನ್ನಬಹುದು. ನಾನು ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ, ಮಕ್ಕಳಿಗೆ ಇದು ಒಂದೇ ಸಲಕ್ಕೆ ಅರ್ಥವಾಗುತ್ತದೆ.

ಅವರ ಗುರು ಫಿಶರ್ ಅವರದ್ದೂ ಒಂದು ಕಥೆ ಈ ಚರ್ಚೆಗೆ ಸೇರಿದ್ದೇ. ಕಾರ್ಬೆಟ್ ಅನ್ನುವವರು ಮಲಯದಲ್ಲಿ, ಅಂದರೆ ಈಗಿನ ಮಲೇಷ್ಯಾದಲ್ಲಿ, ಎರಡು ವರ್ಷ ಚಿಟ್ಟೆ ಹಿಡಿದರು. 118 ಜಾತಿಗಳು ಒಂದೊಂದೇ ಸಿಕ್ಕಿದ್ದವು. 74 ಜಾತಿಗಳು ಎರಡೆರಡು, 44 ಜಾತಿಗಳು ಮೂರು ಮೂರು. ಇನ್ನೂ ಎರಡು ವರ್ಷ ಹಿಡಿದರೆ ಹೊಸ ಜಾತಿ ಎಷ್ಟು ಸಿಗಬಹುದು ಅಂತ ಫಿಶರ್ ಅವರನ್ನು ಕೇಳಿದರು. 1943ರಲ್ಲಿ ಉತ್ತರ ಪ್ರಕಟವಾಯಿತು. ಆಮೇಲೆ ಬಂದ ಒಂದು ಸರಳ ಲೆಕ್ಕವೂ ಇದೆ. 118ರಲ್ಲಿ 74 ಕಳೆಯಿರಿ, 44 ಕೂಡಿಸಿ, ಮುಂದಿನದನ್ನು ಕಳೆಯಿರಿ, ಅದರ ಮುಂದಿನದನ್ನು ಕೂಡಿಸಿ. ಹೀಗೆ ಹೋದರೆ ಸುಮಾರು 75 ಬರುತ್ತದೆ.


ಪತಂಗ
ಮಂಗಳವಾರ, ರಾತ್ರಿ 9:00

ಅಯ್ಯೋ, ಇದು ನನಗೇ ಹೇಳಿದಂತಿದೆ! ನಾನು ಮನೆಯ ಜಗಲಿಯಲ್ಲಿ ಬಿಳಿ ಪಂಚೆ ಕಟ್ಟಿ, ಹಿಂದೆ ಲೈಟ್ ಹಾಕಿ ಪತಂಗಗಳ ಫೋಟೊ ತೆಗೆಯುತ್ತೇನೆ. ಈ ಮಳೆಗಾಲದಲ್ಲಿ 64 ಬಗೆ ಆಗಿದೆ. ಒಂದೇ ಸಲ ಬಂದವು 18. ಎರಡು ಸಲ ಬಂದವು 9. ನನಗೆ ಇನ್ನೂ ಎಷ್ಟು ಕಾಣಬೇಕಿದೆ?


ಲೆಕ್ಕದಮೇಷ್ಟ್ರು
ಮಂಗಳವಾರ, ರಾತ್ರಿ 9:20

ತೈವಾನಿನ ಆನ್ ಚಾವ್ 1984ರಲ್ಲಿ ಕೊಟ್ಟ ಸೂತ್ರ ನಿಮಗೆ ಸಾಕು. ಒಂದೇ ಸಲ ಬಂದವುಗಳ ವರ್ಗವನ್ನು, ಎರಡು ಸಲ ಬಂದವುಗಳ ಎರಡರಷ್ಟರಿಂದ ಭಾಗಿಸಿ. 18 × 18 ÷ 18. ಅಂದರೆ ಕನಿಷ್ಠ 18 ಬಗೆ ಇನ್ನೂ ನಿಮ್ಮ ಪಂಚೆಗೆ ಬಂದಿಲ್ಲ. ಕನಿಷ್ಠ ಅನ್ನುವುದನ್ನು ಮರೆಯಬೇಡಿ. ಒಂದೊಂದೇ ಸಲ ಸಿಗುವವು ಜಾಸ್ತಿ ಇದ್ದರೆ ಕಾಣದವು ಇನ್ನೂ ಇವೆ ಅಂತ. ಎಲ್ಲವೂ ಎರಡು ಮೂರು ಸಲ ಸಿಗಲು ಶುರುವಾದರೆ ಪಟ್ಟಿ ಮುಗಿಯುತ್ತಾ ಬಂತು ಅಂತ.


ತೋಟದಮನೆ
ಭಾನುವಾರ, ರಾತ್ರಿ 9:15

ಒಂದು ವಾರ ಆಯಿತು. ಎರಡು ಬಣ್ಣದ ಪ್ರಯೋಗ ಮುಗಿಸಿದೆ. ಗ್ಲೌಸ್ ಹಾಕಿಕೊಂಡೇ ಮಾಡಿದೆವು. ಈ ಸಲ ಕಾಲುವೆ ದಾರಿ ಬಿಟ್ಟು, ತೋಟವನ್ನು ಹಗ್ಗ ಕಟ್ಟಿ ಎಂಟು ಪಟ್ಟಿ ಮಾಡಿ, ಎಲ್ಲ ಪಟ್ಟಿಯಲ್ಲೂ ಒಂದೇ ಹೊತ್ತು ಹುಡುಕಿದೆವು. ಸೋಗೆ ಎತ್ತಿ ನೋಡಿದೆವು.

ದೊಡ್ಡವು: ನೀಲಿ ಚುಕ್ಕೆ 44. ಎರಡನೇ ಸಲ ಸಿಕ್ಕವು 40, ಅದರಲ್ಲಿ ನೀಲಿ 16. ಚಿಕ್ಕವು: ಕೆಂಪು ಚುಕ್ಕೆ 52. ಎರಡನೇ ಸಲ 48, ಅದರಲ್ಲಿ ಕೆಂಪು ಬರೀ 6.

ಚಾಪ್ಮನ್ ತಿದ್ದುಪಡಿ ಹಾಕಿ ನಾನೇ ಲೆಕ್ಕ ಮಾಡಿದೆ. ದೊಡ್ಡವು ಸುಮಾರು 108, ಚಿಕ್ಕವು 370. ಒಟ್ಟು 478. ಎರಡನ್ನೂ ಬೆರೆಸಿ ಒಂದೇ ಲೆಕ್ಕ ಹಾಕಿದರೆ 374 ಬರುತ್ತದೆ. ನೂರು ಹುಳು ಬೆರೆಸಿದ್ದರಿಂದಲೇ ಮಾಯ! ಮೇಷ್ಟ್ರೇ, ನೀವು ಹೇಳಿದ ದಿಕ್ಕಿಗೇ ಹೋಗಿದೆ. ಮಗಳು ಇದನ್ನು ಶಾಲೆಯ ವಿಜ್ಞಾನ ಮೇಳಕ್ಕೆ ಒಯ್ಯುತ್ತೇನೆ ಅಂತ ಚಾರ್ಟ್ ಬರೆಯುತ್ತಿದ್ದಾಳೆ.


ಲೆಕ್ಕದಮೇಷ್ಟ್ರು
ಭಾನುವಾರ, ರಾತ್ರಿ 9:40

ತುಂಬಾ ಚೆನ್ನಾಗಿ ಮಾಡಿದ್ದೀರಿ. ಚಾರ್ಟಿನಲ್ಲಿ ಒಂದು ಸಾಲು ಸೇರಿಸಲು ಹೇಳಿ. ಚಿಕ್ಕವುಗಳ ಲೆಕ್ಕ ಆರೇ ಆರು ಕೆಂಪು ಚುಕ್ಕೆಯ ಮೇಲೆ ನಿಂತಿದೆ. ಹಾಗಾಗಿ ಆ 370 ಅನ್ನುವುದು 150ರಿಂದ 590ರವರೆಗೆ ಎಲ್ಲಿ ಬೇಕಾದರೂ ಇರಬಹುದು.


ಕಡಲತಡಿ
ಭಾನುವಾರ, ರಾತ್ರಿ 10:05

ಮೀನುಗಾರಿಕೆ ಓದಿದವನು ನಾನು, ತಡವಾಗಿ ಬಂದೆ. ತೋಟದಮನೆಯವರೇ, ನೀವು ಹೇಗಿದ್ದರೂ ಹುಳು ಆರಿಸಿ ತೆಗೆಯುತ್ತೀರಲ್ಲ. ಹಾಗಾದರೆ ಬಣ್ಣವೇ ಬೇಡ. ಮೊದಲ ರಾತ್ರಿ 120 ತೆಗೆದಿರಿ ಅನ್ನಿ. ಎರಡನೇ ರಾತ್ರಿ ಅಷ್ಟೇ ಜನ, ಅಷ್ಟೇ ಹೊತ್ತು ಹುಡುಕಿ 80 ತೆಗೆದಿರಿ. ಸಿಗುವುದು ಮೂರರಲ್ಲಿ ಎರಡು ಪಾಲಿಗೆ ಇಳಿಯಿತು. ಅಂದರೆ ಮೊದಲ ರಾತ್ರಿ ನೀವು ಮೂರರಲ್ಲಿ ಒಂದು ಪಾಲು ಖಾಲಿ ಮಾಡಿದ್ದೀರಿ. ಹಾಗಾದರೆ ಮೊದಲು ಇದ್ದದ್ದು 360. ಬಲೆ ಹಾಕಿದಂತೆ ಮೀನು ಕಡಿಮೆಯಾಗುವುದನ್ನು ನೋಡಿ ನಾವು ಹೀಗೇ ಅಂದಾಜು ಮಾಡುತ್ತೇವೆ.


ಹೊಳೆಸಾಲು
ಭಾನುವಾರ, ರಾತ್ರಿ 10:20

ಇದು ನನಗೆ ಒಪ್ಪುವ ಲೆಕ್ಕ. ನಾಳೆಯಿಂದ ನಮ್ಮ ತೋಟದಲ್ಲೂ ಬಕೆಟ್ಟಿನ ಪಕ್ಕ ನೋಟ್‌ಬುಕ್ ಇಡುತ್ತೇನೆ. ಅಜ್ಜ ಇದ್ದಿದ್ದರೆ ಅವರೂ ಬರೆಸುತ್ತಿದ್ದರು.


ತೋಟದಮನೆ
ಬುಧವಾರ, ರಾತ್ರಿ 10:50

ಕಡಲತಡಿಯವರು ಹೇಳಿದಂತೆ ಮಾಡಿದೆ. ನಾಲ್ಕು ಜನ, ಒಂದೂವರೆ ಗಂಟೆ. ನಿನ್ನೆ 131 ತೆಗೆದೆವು, ಇವತ್ತು 98. ಲೆಕ್ಕ ಹಾಕಿದರೆ ಮೊದಲು ಇದ್ದದ್ದು 520. ಬಣ್ಣದ ಲೆಕ್ಕಕ್ಕಿಂತ ಜಾಸ್ತಿ ಬಂತು. ಇವತ್ತು ಸಂಜೆ ಮಳೆ ಜೋರಾಗಿತ್ತು, ನಿನ್ನೆ ಬರೀ ತುಂತುರು. ಮಳೆಗೆ ಹುಳು ಹೆಚ್ಚು ಹೊರಬಂದದ್ದರಿಂದ ಇವತ್ತಿನ ಅಂಕಿ ಅಷ್ಟು ಇಳಿಯಲಿಲ್ಲ ಅನ್ನಿಸುತ್ತದೆ. ಸರಿನಾ?


ಕಡಲತಡಿ
ಬುಧವಾರ, ರಾತ್ರಿ 11:05

ಸರಿ. ಎರಡನೇ ರಾತ್ರಿ ಸಿಗುವುದು ಸುಲಭವಾದರೆ ಇಳಿಕೆ ಕಡಿಮೆ ಕಾಣುತ್ತದೆ, ಒಟ್ಟು ಸಂಖ್ಯೆ ಉಬ್ಬುತ್ತದೆ. ಮೂರನೇ ರಾತ್ರಿ, ನಾಲ್ಕನೇ ರಾತ್ರಿಯದ್ದೂ ಬೇಕು. ದಿನದ ಮಳೆ ಎಷ್ಟು ಮಿಲಿಮೀಟರ್ ಅಂತ ಪಕ್ಕದಲ್ಲಿ ಬರೆದಿಡಿ, ಅದನ್ನೂ ಲೆಕ್ಕಕ್ಕೆ ಸೇರಿಸೋಣ.


ತೋಟದಮನೆ
ಬುಧವಾರ, ರಾತ್ರಿ 11:12

ಮಳೆಮಾಪಕ ಅಂಗಳದಲ್ಲೇ ಇದೆ. ಅಪ್ಪ ಅಡಿಕೆ ಔಷಧಿ ಹೊಡೆಯುವ ದಿನ ನೋಡಲು ಇಟ್ಟದ್ದು, ದಿನಾ ಬೆಳಿಗ್ಗೆ ಎಂಟೂವರೆಗೆ ಬರೆಯುತ್ತಾರೆ. ನಾಳೆ ರಾತ್ರಿ ಬದುವಿನ ಆಚೆಗೂ ಒಂದು ಪಟ್ಟಿ ಹಗ್ಗ ಕಟ್ಟುತ್ತೇನೆ. ಅಂಕಿ ಇಲ್ಲೇ ಹಾಕುತ್ತೇನೆ.